ನಲೊಂಗೋ ಕೊಡುತ್ತಿದ್ದ ಕೊಸರು

ಎಂಟೆಬೆಯ ಕಿಟೋರೊ ಸಂತೆಯಲ್ಲಿ ಟೊಮೆಟೊ ಮಾರುವವರು ಏನಿಲ್ಲೆಂದರೂ ಇಪ್ಪತ್ತು ಜನ ಇದ್ದಾರೆ. ಎಲ್ಲರೂ ಒಂದೇ ಲಾರಿಯಿಂದ ಇಳಿಸಿಕೊಳ್ಳುತ್ತಾರೆ, ಐದೈದು ಹಣ್ಣಿನ ಗುಡ್ಡೆ ಮಾಡುತ್ತಾರೆ, ಒಂದೇ ಬೆಲೆ ಕೂಗುತ್ತಾರೆ. ಆದರೂ ಹನ್ನೊಂದು ವರ್ಷ ನಾನು ಒಬ್ಬರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಟೊಮೆಟೊ ಕೊಂಡವಳಲ್ಲ. ಉಳಿದವರು ಒಳ್ಳೆಯ ಹಣ್ಣನ್ನು ಮೇಲಿಟ್ಟು ಪೆಟ್ಟು ಬಿದ್ದದ್ದನ್ನು ಅಡಿಗೆ ತಳ್ಳಿದರೆ, ಇವರು ಚೆಂದದ್ದನ್ನೆಲ್ಲ ಅಡಿಗಿಡುತ್ತಿದ್ದರು. ಕೇಳಿದರೆ, "ಸಂತೇಲಿ ಖುಷಿಪಟ್ರೆ ಏನು ಬಂತು? ಮನೇಲಿ ಚೀಲ ಬಿಚ್ಚಿದಾಗ ಖುಷಿ ಆಗ್ಬೇಕು ಕಣೇ" ಎನ್ನುತ್ತಿದ್ದರು.

ಚರ್ಚಿನ ಪುಸ್ತಕದಲ್ಲಿ ಅವರ ಹೆಸರು ಅನಸ್ತಾಸಿಯಾ. ಅವಳಿ ಮಕ್ಕಳನ್ನು ಹೆತ್ತವಳನ್ನು ನಮ್ಮಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ, ನಲೊಂಗೋ ಎನ್ನುತ್ತೇವೆ. ಆ ಅವಳಿಗಳಲ್ಲಿ ಕಿರಿಯವನು ಒಂಬತ್ತು ದಿನ ಬದುಕಿದ್ದ. ಹಿರಿಯವನು ವಾಸ್ವಾ, ಗಡಿಯಾಚೆ ಜೂಬಾ ಪಟ್ಟಣದ ಕಡೆಗೆ ಲಾರಿ ಓಡಿಸಿಕೊಂಡು ಹೋದವನು, ಕ್ರಿಸ್‌ಮಸ್‌ಗೊಮ್ಮೆ ಫೋನ್ ಮಾಡುತ್ತಾನೆ. ನಲೊಂಗೋಗೆ ಉಳಿದದ್ದು ಆ ಬಿರುದು, ಮಂಡಿ ನೋವು ಮತ್ತು ಮಾಲೀಕ ಕ್ಯೇಯುನೆಯ ಸಾಲುಮನೆಯಲ್ಲಿ ಬಾಡಿಗೆಗೆ ಒಂದು ಕೋಣೆ. ಸಂತೆಯ ಹಿಂಬದಿಯಲ್ಲೇ ಆ ಸಾಲು. ಆರು ಕೋಣೆ, ಒಂದು ನಲ್ಲಿ. ಬಾಗಿಲಿನಿಂದ ಅಂಗಡಿಗೆ ಅರವತ್ತು ಹೆಜ್ಜೆ, ಅವರ ಮಂಡಿ ತಡೆಯುತ್ತಿದ್ದದ್ದೂ ಅಷ್ಟೇ.

ಆ ಮಂಡಿಯ ನೆಪದಲ್ಲಿ ಅವರು ಯಾರ ಮುಂದೆಯೂ ಮಂಡಿಯೂರುತ್ತಿರಲಿಲ್ಲ. ಹಿರಿಯರಿಗೆ ಹೆಂಗಸರು ಮಂಡಿಯೂರಿಯೇ ನಮಸ್ಕಾರ ಹೇಳಬೇಕಾದ ಊರಿನಲ್ಲಿ ನಲೊಂಗೋ ಮಾತ್ರ ಗಿಡ್ಡ ಮಣೆಯ ಮೇಲೆ ರಾಣಿಯಂತೆ ಕೂತಿರುತ್ತಿದ್ದರು. "ಪಾದ್ರಿಗಳಿಗೂ ಹೇಳಿದ್ದೀನಿ, ದೇವ್ರು ಬೇಕಾದ್ರೆ ಕೆಳಗಿಳಿದು ಬರ್ಲಿ ಅಂತ."

ಇನ್ನು ಅವರ ಕೊಸರು. ಗುಡ್ಡೆ ಕೊಂಡವರಿಗೆ ಮೇಲೊಂದು ಹಣ್ಣು ಎಲ್ಲರೂ ಹಾಕುತ್ತಾರೆ, ಗೊಣಗುತ್ತಾ. ನಲೊಂಗೋ ಕೇಳುವ ಮೊದಲೇ ಹಾಕುತ್ತಿದ್ದರು, ಮನೆಯಲ್ಲಿ ಮಕ್ಕಳಿದ್ದವರಿಗೆ ಎರಡು. ಗಂಡ ಬಿಟ್ಟುಹೋದ ಮೇಲೆ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅವರ ಪಕ್ಕದ ಕೋಣೆಗೆ ಬಂದವಳು ನಾನು. ಎಷ್ಟೋ ದಿನ ನಮ್ಮ ಸಾರಿಗೆ ಆ ಕೊಸರೇ ಗತಿ. ಹೊಸದಾಗಿ ಬಂದ ಬಿಳಿಯ ಹೆಂಗಸೊಬ್ಬರು ಅಡುಗೆಯವಳನ್ನು ಹುಡುಕುತ್ತಿದ್ದಾರೆ ಎಂದು ಕಾವಲುಗಾರನೊಬ್ಬನ ಬಾಯಿಂದ ತಿಳಿದು, ನನ್ನನ್ನು ಕೆಲಸಕ್ಕೆ ಸೇರಿಸಿದವರೂ ನಲೊಂಗೋ.

ಆ ಬಿಳಿಯ ಹೆಂಗಸು ಬೆಂಟೆ ಮೇಡಮ್. ಡೆನ್ಮಾರ್ಕಿನಲ್ಲಿ ಗ್ರಂಥಾಲಯದ ಕೆಲಸದಲ್ಲಿದ್ದವರು. ಅಲ್ಲಿ ಪಿಂಚಣಿ ಬಾಡಿಗೆಗೂ ಮನೆ ಬೆಚ್ಚಗಿಡುವುದಕ್ಕೂ ಸಾಲುತ್ತಿರಲಿಲ್ಲವಂತೆ. ಎಂಟೆಬೆಯಲ್ಲಿ ಅದೇ ಪಿಂಚಣಿಯಲ್ಲಿ ಸರೋವರ ಕಾಣುವ ಮನೆ, ತೋಟದವನು, ನಾನು. ಹಾಗೆ ಹೇಳುವಾಗ ಅವರಿಗೇ ಒಂಥರಾ ನಾಚಿಕೆ. ಒಮ್ಮೆ ನನ್ನ ಜೊತೆ ಸಂತೆಗೆ ಬಂದಿದ್ದರು. ನಲೊಂಗೋ ಎರಡು ಹಣ್ಣು ಮೇಲೆ ಹಾಕಿದ್ದೇ ತಡ, ಅದಕ್ಕೂ ಚಿಲ್ಲರೆ ಎಣಿಸಿಕೊಡಲು ಹೋದರು. ನಲೊಂಗೋ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ತೆಯೋ, ಹೇಳೇ ಇವರಿಗೆ. ದುಡ್ಡು ತಗೊಂಡ್ರೆ ಅದು ಕೊಸರಾ? ಅದು ನನ್ನ ಮನಸ್ಸು ಅಂತ ಹೇಳು."

ಮೇಡಮ್ ತಮ್ಮ ದೇಶದವರಿಗಾಗಿ ಇಂಟರ್‌ನೆಟ್ಟಿನಲ್ಲಿ ಬರೆಯುತ್ತಿದ್ದರು: ಇಲ್ಲಿ ಬದುಕಲು ಯಾವುದಕ್ಕೆ ಎಷ್ಟು. ಬಾಳೆಗೊನೆಗೆಷ್ಟು, ಇದ್ದಿಲಿಗೆಷ್ಟು ಎಂದು ಕೇಳುವುದು ನನ್ನನ್ನು. ನಾನು ಎಲ್ಲದಕ್ಕೂ ಒಂದಿಷ್ಟು ಮೇಲಿಟ್ಟು ಹೇಳುತ್ತಿದ್ದೆ. ಬಿಳಿಯರ ಮನೆಯ ಕೆಲಸದವರೆಲ್ಲ ಮಾಡುವುದು ಅದನ್ನೇ, ನಾನೊಬ್ಬಳೇ ಸತ್ಯವಂತೆಯಾಗಿ ಯಾವ ಪದಕ ಸಿಗಬೇಕಿತ್ತು? ಹೀಗೆ ನನಗೆ ನಾನೇ ಹೇಳಿಕೊಂಡು ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡುತ್ತಿದ್ದೆ.

ದೊಡ್ಡ ಮಗಳು ಹೈಸ್ಕೂಲಿಗೆ ಹೋಗುವ ವರ್ಷ ಸಂಬಳ ಹೆಚ್ಚಿಸಿ ಎಂದು ಕೇಳಿದೆ. ಮೇಡಮ್ ಪೆನ್ನು ಹಿಡಿದು, "ನಿನ್ನ ಕೋಣೆಗೆ ಬಾಡಿಗೆ ಎಷ್ಟು?" ಅಂದರು. ನಿಜವಾದ ಬಾಡಿಗೆ ತಿಂಗಳಿಗೆ ಒಂದು ಲಕ್ಷ ಶಿಲ್ಲಿಂಗ್. ನಾಲಿಗೆ ತಾನಾಗಿ ಹೊರಳಿತು ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಎರಡು ಎನ್ನಲು ಹೊರಟು, ಅವರ ಮುಖ ನೋಡಿ, ಮೂರು ಅಂದೆ.

"ಅಷ್ಟೇನಾ? ನಮ್ಮೂರಲ್ಲಿ ಆ ದುಡ್ಡಿಗೆ ಒಂದು ನಾಯಿ ಕೂದ್ಲು ಕತ್ತರಿಸಿ ಕಳಿಸ್ತಾರೆ!" ಎಂದು ಬರೆದುಕೊಂಡರು. ಸಂಬಳ ಐವತ್ತು ಸಾವಿರ ಹೆಚ್ಚಾಯಿತು.

ಅಂದು ಸಂಜೆ ಮಾಂಸ ತಂದು ಬೇಯಿಸಿ, ನಲೊಂಗೋಗೆ ಒಂದು ಬಟ್ಟಲು ಕೊಟ್ಟೆ. "ಏನೇ ವಿಶೇಷ? ನಿಮ್ಮ ಬಿಳಿಯಮ್ಮ ಮನೇನೇ ನಿನ್ನ ಹೆಸರಿಗೆ ಬರೆದ್ರಾ?" ಅಂದರು. ಸಂಬಳದ ವಿಷಯ ಹೇಳಿದೆ. "ಒಳ್ಳೇದಾಗ್ಲಿ ಮಗಳೇ. ಆದ್ರೆ ಕೆಲಸ ಕೊಡಿಸಿದೋಳಿಗೆ ಬರೀ ಮೂಳೆನಾ? ಹಾಕು, ಇನ್ನೊಂದು ತುಂಡು ಹಾಕು." ನಾವಿಬ್ಬರೂ ನಕ್ಕೆವು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಎರಡು ತಿಂಗಳ ಮೇಲೆ ಕಂಪ್ಯೂಟರಿನಲ್ಲಿ ಕೆಲಸ ಮಾಡುವ ವಿದೇಶಿ ಗಂಡ ಹೆಂಡತಿ ಫೋನಿನಲ್ಲಿ ಮೇಡಮ್ ಬರೆದದ್ದನ್ನು ಹಿಡಿದುಕೊಂಡೇ ಕ್ಯೇಯುನೆಯ ಬಾಗಿಲಿಗೆ ಬಂದರು. ಅವರನ್ನು ಕರೆತಂದವನು ನಮ್ಮ ಸಾಲಿನ ಮೊದಲ ಕೋಣೆಯವನು, ಬಾಡಿಗೆ ಬೈಕಿನ ಸೆಬ್ಬಾಲೆ. "ಮೂರು ಲಕ್ಷ ತಾನೆ, ಆರು ತಿಂಗಳಿಂದು ಮುಂಗಡ ಕೊಡ್ತೀವಿ ಅಂದ್ರು. ಕ್ಯೇಯುನೆ ಇನ್ನೂ ಬೆಲೆನೇ ಹೇಳಿರ್ಲಿಲ್ಲ. ಅವನಿಗೇ ಅದು ಹೊಸ ಸುದ್ದಿ!" ಎಂದು ಅಂಗಳದಲ್ಲಿ ನಿಂತು ಹೇಳಿದ. ಮರುವಾರ ಕ್ಯೇಯುನೆ ಎಲ್ಲರನ್ನೂ ಕರೆದು, ಮೂರು ಲಕ್ಷ ಕೊಡುವವರು ಇರಬಹುದು, ಉಳಿದವರು ತಿಂಗಳ ಕೊನೆಗೆ ಖಾಲಿ ಮಾಡಿ ಎಂದ.

ಅವನು ಆಚೆ ಹೋದದ್ದೇ ಸೆಬ್ಬಾಲೆ ನನ್ನ ಕಡೆ ತಿರುಗಿದ. "ಈ ಮೂರು ಲಕ್ಷ ಆಕಾಶದಿಂದ ಬಿತ್ತಾ? ಬಿಳಿಯರ ಅಡುಗೆಮನೇಲಿ ನಮ್ಮೋರು ಯಾರಿದಾರೆ ಅಂತ ಎಲ್ರಿಗೂ ಗೊತ್ತು."

"ಬಾಯಿ ಮುಚ್ಚೋ," ಅಂದರು ನಲೊಂಗೋ. "ಇವಳ ಮಕ್ಕಳು ನನ್ನ ಕೊಸರು ತಿಂದು ಬೆಳೆದೋರು. ತೆಯೋ ಅಂಥೋಳಲ್ಲ."

ನಾನು ನಲ್ಲಿಯ ಕೆಳಗಿನ ಬಕೆಟ್ಟನ್ನೇ ನೋಡುತ್ತಾ ನಿಂತಿದ್ದೆ.

ಮಾರನೆಯ ದಿನ ನಲೊಂಗೋ ತಮ್ಮ ಒಳ್ಳೆಯ ಉಡುಪು ಉಟ್ಟು, ನಿಮ್ಮ ಮೇಡಮ್ ಹತ್ತಿರ ಕರೆದುಕೊಂಡು ಹೋಗು ಎಂದರು. ಬಿಳಿಯವರು ಒಂದು ಮಾತು ಹೇಳಿದರೆ ಕ್ಯೇಯುನೆ ತನ್ನೊಬ್ಬಳನ್ನಾದರೂ ಹಳೆಯ ಬಾಡಿಗೆಗೆ ಇಟ್ಟುಕೊಂಡಾನು ಎಂದು ಅವರ ಆಸೆ. ಸೆಬ್ಬಾಲೆ ಬೈದುಕೊಂಡೇ ಬೈಕಿನಲ್ಲಿ ಬಿಟ್ಟ, ದುಡ್ಡು ತಗೊಳ್ಳಲಿಲ್ಲ. ವರಾಂಡದಲ್ಲಿ ಮೇಡಮ್ ಕಂಡೊಡನೆ ನಲೊಂಗೋ ಕಂಬ ಹಿಡಿದು, ಒಂದು ಕಾಲು ಆಮೇಲೆ ಇನ್ನೊಂದು ಕಾಲು ಮಡಿಸಿ, ಮಂಡಿಯೂರಿದರು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

"ಕೇಳು ಮಗಳೇ. ಒಂದು ಲಕ್ಷದಿಂದ ಮೂರು ಲಕ್ಷಕ್ಕೆ ಏರಿಸಿದಾರೆ, ಈ ಮಂಡಿ ಇಟ್ಕೊಂಡು ನಾನು ದೂರ ಹೋಗಿ ಬದುಕಕ್ಕಾಗಲ್ಲ, ಒಂದು ಮಾತು ಹೇಳಿ ಅಂತ ಕೇಳು."

ಮೇಡಮ್‌ಗೆ ನಮ್ಮ ಭಾಷೆ ಬಾರದು, ನಲೊಂಗೋಗೆ ಇಂಗ್ಲಿಷ್ ಬಾರದು. ನಡುವೆ ಇದ್ದವಳು ನಾನು. ಒಂದು ಲಕ್ಷ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದರೆ ನನ್ನ ಬಾಡಿಗೆ, ಇದ್ದಿಲು, ಬಾಳೆಗೊನೆ, ಆರು ವರ್ಷದ ಎಲ್ಲ ಬೆಲೆಯೂ ಒಟ್ಟಿಗೆ ಬಯಲಾಗುತ್ತಿತ್ತು. ಕೆಲಸ ಹೋಗುತ್ತಿತ್ತು. ಆದರೆ ಅವರ ಕೋಣೆ ಉಳಿಯುತ್ತಿತ್ತೇನೋ. ಮೇಡಮ್ ಕಟುಕರಲ್ಲ.

"ಮಗನ ಮನೆಗೆ ಹೋಗ್ತಾರಂತೆ ಮೇಡಮ್. ಹೇಳಿ ಹೋಗೋಣ ಅಂತ ಬಂದಿದಾರೆ," ಅಂದೆ.

ಮೇಡಮ್ ಮುಖ ಅರಳಿತು. ನಲೊಂಗೋರ ಎರಡೂ ಕೈ ಹಿಡಿದು ಎಬ್ಬಿಸಿ, ತಬ್ಬಿಕೊಂಡು, ಒಳಗಿನಿಂದ ತಾವೇ ಮಾಡಿದ ಜಾಮಿನ ಬಾಟಲಿ ತಂದುಕೊಟ್ಟರು. ನಲೊಂಗೋ ನನ್ನ ಮುಖ ನೋಡಿದರು.

"ಮಾಲೀಕರ ವಿಷಯಕ್ಕೆ ತಾವು ಕೈ ಹಾಕಲ್ಲ ಅಂತಿದಾರೆ," ಅಂದೆ.

ನಲೊಂಗೋ ಗೇಟಿನವರೆಗೆ ನಡೆದು ಬಂದು, ಅಲ್ಲಿ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. "ಮನೆ ಕೇಳಿದ್ರೆ ಜಾಮ್ ಕೊಟ್ರಲ್ಲೇ," ಎಂದು ನಕ್ಕರು. ನನ್ನನ್ನು ಸಮಾಧಾನ ಮಾಡಲು ನಕ್ಕರು, ಏಕೆಂದರೆ ನನ್ನ ಕಣ್ಣು ತುಂಬಿತ್ತು.

ಅವರು ಊರಾಚೆ ಕಂಪಾಲಾ ರಸ್ತೆಯಲ್ಲಿ, ಅಬಾಯಿತಾ ಅಬಾಬಿರಿ ಎಂಬಲ್ಲಿ ಗುಡ್ಡದ ಹಿಂದೆ ಒಂದು ಕೋಣೆ ಹಿಡಿದರು. ಸಂತೆಯ ಜಾಗ ಬಿಟ್ಟು ರಸ್ತೆ ಬದಿಯಲ್ಲಿ ಗೋಣಿ ಹಾಸಿ ಕೂತರು. ನನಗೆ ಮೇಡಮ್ ತಮ್ಮ ಹಿತ್ತಲ ಕೋಣೆ ಬಿಟ್ಟುಕೊಟ್ಟರು, ಬಾಡಿಗೆಯಿಲ್ಲದೆ. ಸುಳ್ಳು ಹೇಳಿದವಳಿಗೆ ಸೂರು ಸಿಕ್ಕಿತು. "ನಲೊಂಗೋ ಮಗನ ಮನೇಲಿ ಚೆನ್ನಾಗಿದಾರಾ?" ಎಂದು ಮೇಡಮ್ ಆಗಾಗ ಕೇಳುತ್ತಾರೆ. ಹೂಂ ಎನ್ನುತ್ತೇನೆ.

ಶನಿವಾರ ಶನಿವಾರ ಅಲ್ಲಿಗೆ ಹೋಗಿ ಟೊಮೆಟೊ ಕೊಂಡು ಬರತೊಡಗಿದೆ. ನಾಲ್ಕು ವಾರ ಐದು ಹಣ್ಣಿನ ಮೇಲೆ ಎರಡು ಹಾಕಿದರು. "ದೊಡ್ಡವಳು ಹೇಗೆ ಓದ್ತಿದಾಳೆ?" ಎಂದು ಕೇಳಿದರು. ಆ ಎರಡು ಹಣ್ಣು ಮನೆಗೆ ತಂದು ತಿನ್ನಲಾರದೆ ತೋಟದವನಿಗೆ ಕೊಟ್ಟೆ. ಐದನೆಯ ವಾರ ಗೋಣಿಯ ಪಕ್ಕ ಮಂಡಿಯೂರಿ ಎಲ್ಲವನ್ನೂ ಹೇಳಿದೆ. ಮೂರು ಲಕ್ಷ ನನ್ನ ಬಾಯಿಂದ ಬಂದದ್ದು, ವರಾಂಡದಲ್ಲಿ ನಾನು ಮಾತು ತಿರುಗಿಸಿದ್ದು, ಎರಡನ್ನೂ.

ನಲೊಂಗೋ ಜಾಮ್ ಮುಗಿದ ಬಾಟಲಿಯಲ್ಲಿ ಹಾಕಿಟ್ಟಿದ್ದ ಚಿಲ್ಲರೆಯನ್ನು ಅಲ್ಲಾಡಿಸಿದರು. ಆಮೇಲೆ ನನ್ನ ಚೀಲಕ್ಕೆ ಕೈ ಹಾಕಿ, ಆಗಲೇ ಕೊಸರೆಂದು ಹಾಕಿದ್ದ ಎರಡು ಹಣ್ಣು ಹೊರತೆಗೆದು, ಗುಡ್ಡೆಯ ಮೇಲಿಟ್ಟರು.

"ಈಗ ಸರಿಯಾಯ್ತು. ಏಳು, ಗಿರಾಕಿಗಳಿಗೆ ದಾರಿ ಬಿಡು," ಅಂದರು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮೇಡಮ್‌ಗೆ ಇನ್ನೂ ಹೇಳಿಲ್ಲ. ಮಗಳ ಓದು ಮುಗಿಯಲಿ ಎಂದುಕೊಳ್ಳುತ್ತೇನೆ, ಅದೂ ನೆಪವೆಂದು ಗೊತ್ತು. ಶನಿವಾರ ಹೋಗುವುದನ್ನು ಮಾತ್ರ ಬಿಟ್ಟಿಲ್ಲ. ಅವರು ಬೆಲೆ ಹೆಚ್ಚಿಸುವುದಿಲ್ಲ, ಮುಖ ತಿರುಗಿಸುವುದಿಲ್ಲ. ಚೆಂದದ ಹಣ್ಣು ಈಗಲೂ ಅಡಿಯಲ್ಲೇ ಇರುತ್ತದೆ. ಹೋದ ವಾರ ನನ್ನ ಗುಡ್ಡೆಯಲ್ಲಿ ಒಂದಕ್ಕೆ ಕಪ್ಪು ಚುಕ್ಕೆ ಇತ್ತು. ತೆಗೆದು ಪಕ್ಕಕ್ಕಿಟ್ಟು ಬೇರೆ ಒಳ್ಳೆಯದನ್ನು ಹಾಕಿ, ಯಾರಿಗಾದರೂ ಕಟ್ಟಿಕೊಡುವಂತೆ ಕಟ್ಟಿಕೊಟ್ಟರು. ಐದು ಹಣ್ಣು.