ಒಂಬತ್ತು ಕೋಲಿನ ಬಾವಿ

ಗಂಗೊಳ್ಳಿಯ ಜಲಜ ಬಾಯಿ ಬಿಟ್ಟರೆ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಎದುರು ನಿಲ್ಲುವ ಗಂಡಸು ಇನ್ನೂ ಹುಟ್ಟಿಲ್ಲ. ಮೂವತ್ತೊಂದು ವರ್ಷ ಬಂಗುಡೆ, ಬೈಗೆ ಮೀನು ಮಾರಿ ಪಳಗಿದ ಬಾಯಿ ಅದು. ಚೌಕಾಸಿಗೆ ನಿಂತವರು ಕೊನೆಗೆ ಕೇಳಿದಷ್ಟು ಕೊಟ್ಟು, ಮೇಲಿಂದ ನಗುತ್ತ ಹೋಗುತ್ತಾರೆ. ಆಕೆಯ ಒಂದು ಅಭ್ಯಾಸ ಮಾತ್ರ ಯಾರಿಗೂ ಅರ್ಥವಾಗಿರಲಿಲ್ಲ. ದೋಣಿಯಲ್ಲಿ ಹೊಳೆ ದಾಟಿದರೆ ಹತ್ತು ನಿಮಿಷದ ಕುಂದಾಪುರಕ್ಕೆ ಆಕೆ ಬಸ್ಸು ಹತ್ತಿ ಸುತ್ತು ಬಳಸಿ ಹೋಗುತ್ತಿದ್ದಳು. ಯಾಕೆ ಅಂದರೆ, "ದಾರಿಯಗೆ ನನ್ನ್ ಗಿರಾಕಿ ಇದ್ರ್" ಎನ್ನುತ್ತಿದ್ದಳು. ಆ ಗಿರಾಕಿಗಳನ್ನು ಯಾರೂ ಕಂಡದ್ದಿಲ್ಲ.

ಕಡಲ ಬದಿಯ ಹಳೇ ಮನೆಯ ಬಾವಿಗೆ ಉಪ್ಪು ನುಗ್ಗಿದ ಮೇಲೆ ಜಲಜ ತ್ರಾಸಿಯ ಕಡೆ ಎತ್ತರದಲ್ಲಿ ಐದು ಸೆಂಟ್ಸ್ ಜಾಗ ತೆಗೆದು, ಎರಡು ಕೋಣೆಯ ಮನೆ ಎಬ್ಬಿಸಿದಳು. ಮನೆಯಾಯಿತು, ನೀರಿಲ್ಲ. ನೆರೆಮನೆಯ ರತ್ನಳ ಬಾವಿಯಿಂದ ದಿನಕ್ಕೆ ನಾಲ್ಕು ಕೊಡ ತರುತ್ತಿದ್ದಳು. ರತ್ನ ಬಾಯಲ್ಲಿ ಬೇಡ ಅನ್ನಲಿಲ್ಲ, ಆದರೆ ಪ್ರತಿ ಕೊಡಕ್ಕೂ ಅವಳ ಮುಖ ಒಂದಿಷ್ಟು ಸಣ್ಣದಾಗುತ್ತಿತ್ತು. ಮೇ ಮುಗಿಯುವ ಹೊತ್ತಿಗೆ ಅವಳ ಬಾವಿಯಲ್ಲೂ ತಳ ಕಂಡಿತು. "ಸೋಮವಾರದಿಂದ ಬೇರೆ ಕಡೆ ಕಾಣಿ ಜಲಜಕ್ಕ" ಎಂದುಬಿಟ್ಟಳು.

ಅಷ್ಟರಲ್ಲಿ ಜಲಜ ತನ್ನ ಅಂಗಳದಲ್ಲಿ ತೋಡಿಸುತ್ತಿದ್ದ ಬಾವಿಗೆ ನೀರು ಬಿದ್ದಿರಬೇಕಿತ್ತು. ಅಂಗಡಿಯ ಗೋವರ್ಧನ ಗೊತ್ತು ಮಾಡಿಕೊಟ್ಟ ಬೈಂದೂರಿನ ಸುಬ್ಬ ಒಳ್ಳೆಯ ಕೆಲಸಗಾರ, ಒಬ್ಬ ಆಳನ್ನು ಕಟ್ಟಿಕೊಂಡು ಊರೂರು ಬಾವಿ ತೋಡುವವನು. ಕೋಲಿಗೆ ಮೂರೂವರೆ ಸಾವಿರದಂತೆ ಹನ್ನೆರಡು ಕೋಲಿಗೆ ಮಾತಾಗಿತ್ತು. ಕೋಲೆಂದರೆ ಸುಮಾರು ಎರಡೂವರೆ ಅಡಿ. ಇಪ್ಪತ್ತು ಸಾವಿರ ಮುಂಗಡ ತೆಗೆದುಕೊಂಡವನು ಒಂಬತ್ತು ಕೋಲು ತೋಡಿ, ಬಾವಿಯ ಬಾಯಿಗೆ ತೆಂಗಿನ ಮಡಲು ಮುಚ್ಚಿ ಹೋದ. ಎಂಟು ದಿನ ಫೋನಿಲ್ಲ, ಸುದ್ದಿಯಿಲ್ಲ. ಒಂಬತ್ತನೆಯ ದಿನ, ಶನಿವಾರ ಬೆಳಿಗ್ಗೆ, ಬಾಕಿ ಹನ್ನೊಂದೂವರೆ ಸಾವಿರ ಕೇಳಲು ಗೋವರ್ಧನನನ್ನೇ ಮುಂದಿಟ್ಟುಕೊಂಡು ಬಂದ.

"ಅಡಿಯಗೆ ಕರಿಕಲ್ಲ್ ಸಿಕ್ಕಿತ್ತ್. ಇನ್ನ್ ಕೋಲಿಗೆ ಡಬಲ್ ಆತ್ತ್" ಎಂದ ಸುಬ್ಬ, ಗೇರುಮರದ ಕಡೆ ನೋಡುತ್ತ.

"ಕಲ್ಲಾ? ನೀ ಮೇಲೆ ಹಾಕದ್ ಪೂರ ಬಿಳಿ ಮಣ್ಣ್! ಕಲ್ಲ್ ಎಲ್ಲಿತ್ತ್, ನಿನ್ನ್ ತಲಿಯಗಾ?"

"ಅದ್ರ್ ಅಡಿಯಗೆ ಇತ್ತ್."

"ನೀರ್ ಕಾಣ್ದೆ ಒಂದ್ ಪೈಸೆ ಕೊಡುದಿಲ್ಲೆ. ಕೆಲ್ಸ ಅರ್ಧಕ್ಕೆ ಬಿಟ್ಟ್ ಹೋದವ ಮುಂಗಡವೂ ವಾಪಸ್ ಕೊಡ್ಕ್!"

ಗೋವರ್ಧನ ನಡುವೆ ಬಾಯಿ ಹಾಕಿ ಎರಡೂ ಕಡೆಯಿಂದ ಬೈಸಿಕೊಂಡ. ಸುಬ್ಬನಿಗೂ ಸಿಟ್ಟು ಬಂತು. ದುಡಿದದ್ದಕ್ಕೆ ಕೇಳುತ್ತಿದ್ದೇನೆ, ಭಿಕ್ಷೆಯಲ್ಲ ಎಂದ. ಜಲಜ ಅವನನ್ನು ಕಳ್ಳ ಎಂದಳು. ಆಮೇಲೆ ಆಕೆ ಸೀರೆ ಎತ್ತಿ ಕಚ್ಚೆ ಹಾಕಿದಳು.

"ಕಲ್ಲ್ ಇತ್ತಾ ಇಲ್ಯಾ ನಾನೇ ಇಳ್ದ್ ಕಾಂತೆ."

ಸುಬ್ಬನ ಮುಖದ ಬಣ್ಣವೇ ಹೋಯಿತು. "ಬ್ಯಾಡ ಜಲಜಕ್ಕ, ಇಳಿಬ್ಯಾಡಿ."

ಸುಳ್ಳು ಬಯಲಾಗುತ್ತದೆಂದು ಹೆದರಿದ, ಸಿಕ್ಕಿಬಿದ್ದ ಎಂದುಕೊಂಡಳು ಜಲಜ. ಮಡಲು ಸರಿಸಿ, ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಗೋವರ್ಧನನ ಕಡೆ ಚಾಚಿದಳು. ಸುಬ್ಬ ನಡುವೆಯೇ ಅದನ್ನು ಕಿತ್ತುಕೊಂಡ. "ಅವ್ರ್ ಕೈಯಗೆ ಕೊಡ್ಬ್ಯಾಡಿ. ನಾನ್ ಹಿಡಿತೆ." ಹಗ್ಗವನ್ನು ಗೇರುಮರಕ್ಕೆ ಒಂದು ಸುತ್ತು ಹಾಕಿ ಕಾಲೂರಿ ನಿಂತ.

ಮೇಲಿನ ಕೆಂಪು ಮುರಕಲ್ಲಿನಲ್ಲಿ ಕಾಲಿಡಲು ಅವನೇ ಕೊರೆದ ಗೂಡುಗಳಿದ್ದವು. ಆರು ಕೋಲು ಇಳಿಯುವವರೆಗೆ ಜಲಜಳಿಗೆ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಕಲ್ಲು ಮುಗಿದು ಬಿಳಿ, ಮೆತ್ತನೆಯ ಶೇಡಿಮಣ್ಣು ಶುರುವಾಯಿತು. ಗೂಡಿನಲ್ಲಿಟ್ಟ ಕಾಲು ಜಾರಿತು. ಈಗ ತಾನು ಇರುವುದು ಈಗಷ್ಟೇ ಕಳ್ಳ ಎಂದು ಬೈಸಿಕೊಂಡವನ ಕೈಯಲ್ಲಿ ಎಂಬುದು ಆಗ ನೆನಪಾಯಿತು. ಹಗ್ಗ ಒಂದಿಂಚೂ ಸಡಿಲಾಗಲಿಲ್ಲ.

ತಳಕ್ಕೆ ಕಾಲಿಟ್ಟು ಮೊಬೈಲಿನ ಟಾರ್ಚ್ ಹಾಕಿದಳು. ಕಲ್ಲಿರಲಿಲ್ಲ. ಪಾದ ಮೆತ್ತಗೆ ಹೂತುಹೋಯಿತು. ಹಾಳಾದವನೇ ಎಂದು ಕೂಗಲು ಬಾಯಿ ತೆರೆದವಳು ಟಾರ್ಚನ್ನು ಗೋಡೆಗೆ ತಿರುಗಿಸಿದಳು. ಒಂದು ಬದಿ ಪೂರ್ತಿ ಕುಸಿದಿತ್ತು. ಅರೆಯುವ ಕಲ್ಲಿನಷ್ಟು ದೊಡ್ಡ ಮಣ್ಣಿನ ಹೆಂಟೆಗಳು ಬಿದ್ದಿದ್ದವು. ಅವುಗಳ ಅಡಿಯಿಂದ ಸುಬ್ಬನ ಪಿಕಾಸಿಯ ಹಿಡಿ ಗೇಣುದ್ದ ಹೊರಗೆ ಚಾಚಿತ್ತು. ಬಾವಿ ತೋಡುವವನು ಊಟಕ್ಕೆ ಹತ್ತಿದರೂ ಪಿಕಾಸಿ ಬಿಟ್ಟು ಹತ್ತುವುದಿಲ್ಲ. ಇವನು ಬಿಟ್ಟು ಹತ್ತಿದ್ದಾನೆ. ಎಂಟು ದಿನ ಅದನ್ನು ತೆಗೆದುಕೊಳ್ಳಲೂ ಬಂದಿಲ್ಲ.

ಅವಳು ನೋಡುತ್ತಿದ್ದಂತೆಯೇ ಹಿಡಿಯಷ್ಟು ಮಣ್ಣು ಸದ್ದಿಲ್ಲದೆ ಭುಜದ ಮೇಲೆ ಉದುರಿತು. ಹದಿನಾಲ್ಕು ವರ್ಷದ ಹಿಂದೆ ನಡುಹೊಳೆಯಲ್ಲಿ ದೋಣಿ ವಾಲಿ, ಬುಟ್ಟಿಯ ಮೀನೆಲ್ಲ ನೀರಿಗೆ ಹೋದಾಗಲೂ ಇದೇ ಹೆದರಿಕೆ ಹಿಡಿದಿತ್ತು. ಮಾರನೆಯ ದಿನದಿಂದ ಅವಳು ಬಸ್ಸು ಹತ್ತಿದಳು, ಅವಳಿಗೆ ದಾರಿಯಲ್ಲಿ ಗಿರಾಕಿಗಳಾದರು.

ಪಿಕಾಸಿಯನ್ನು ಅಲ್ಲಾಡಿಸಿ ಕಿತ್ತುಕೊಂಡು, "ಸುಬ್ಬ, ಎಳಿ!" ಎಂದಳು.

ಮೇಲೆ ಬಂದಾಗ ಸುಬ್ಬನ ಅಂಗೈ ಹಗ್ಗ ಉಜ್ಜಿ ಸುಲಿದಿತ್ತು. ಅವನು ತಲೆ ಎತ್ತಲಿಲ್ಲ. ಗೋವರ್ಧನ ಕೇಳಿಯೇಬಿಟ್ಟ: "ಎಂತ, ಕಲ್ಲ್ ಇತ್ತಾ?"

ಗೋವರ್ಧನನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬೈಂದೂರು ಮುಟ್ಟುತ್ತದೆ. ಬಾವಿಗೆ ಇಳಿಯಲು ಹೆದರುವ ಬಾವಿ ತೋಡುವವನನ್ನು ಆಮೇಲೆ ಯಾರೂ ಕರೆಯುವುದಿಲ್ಲ. ಜಲಜ ಸೀರೆಗೆ ಮೆತ್ತಿದ ಮಣ್ಣು ಕೊಡವಿದಳು.

"ಇತ್ತ್," ಎಂದಳು. "ದೊಡ್ಡ್ ಕಲ್ಲೇ. ಆದ್ರೆ ಡಬಲ್ ಎಲ್ಲ ಆತಿಲ್ಲೆ, ಹಳೇ ರೇಟೇ. ಬದಿ ಮಣ್ಣ್ ಮೆತ್ತಗಿತ್ತ್, ಮದಲ್ ಸಿಮೆಂಟ್ ರಿಂಗ್ ಇಳಿಸ್ಕ್. ರಿಂಗಿನ ಖರ್ಚ್ ನಂದ್."

ಒಳಗೆ ಹೋಗಿ ಹನ್ನೊಂದೂವರೆ ಸಾವಿರ ತಂದು, ಗೋವರ್ಧನನ ಎದುರೇ ಸುಬ್ಬನ ಕೈಗಿಟ್ಟಳು. ಪಂಚಾತಿಕೆ ತನ್ನಿಂದಲೇ ಮುಗಿಯಿತೆಂಬ ಸಮಾಧಾನದಲ್ಲಿ ಗೋವರ್ಧನ ಅಂಗಡಿಗೆ ಹೊರಟ.

ಅವನು ಮರೆಯಾದ ಮೇಲೆ ಸುಬ್ಬ ಮೆಲ್ಲಗೆ, "ಜಲಜಕ್ಕ, ಅಲ್ಲಿ ಕಲ್ಲ್..." ಎಂದ.

"ಇತ್ತ್ ಅಂದೆ ಅಲ್ದಾ," ಎಂದು ಜಲಜ ಮಣ್ಣು ಮೆತ್ತಿದ ಪಿಕಾಸಿಯನ್ನು ಅವನ ಮುಂದೆ ಹಿಡಿದಳು. "ನಾಳೆ ರಿಂಗ್ ಬತ್ತ್. ನಾನ್ ಮಾರ್ಕೆಟ್ಟಿಗೆ ಹೋತಿಲ್ಲೆ. ನೀ ಇಳಿವತಿಗೆ ಹಗ್ಗ ನಾನೇ ಹಿಡಿತೆ."