ವಜೀರ ಕೊಡಲು ಕಾದಿದ್ದವರು

ಮೈಲೂರಿನ ಗಡಿಯಾರ ರಿಪೇರಿ ಕಾಕಾ ಚೆಸ್ ಬೋರ್ಡನ್ನೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ನೋಡುತ್ತಿದ್ದರು. ಅವರು ಓದಿದ್ದು ಒಂದೇ ಆಟ. ಯುರೋಪಿನ ಯಾವುದೋ ಹಳೆಯ ಟೂರ್ನಮೆಂಟಿನದು, ಹರಿದ ಪುಸ್ತಕದಲ್ಲಿ ಸಿಕ್ಕಿದ್ದು. ಬಿಳಿ ಕಾಯಿಯವನು ಎರಡನೆಯ ನಡೆಗೇ ಪ್ಯಾದೆ ಬಿಟ್ಟುಕೊಡುತ್ತಾನೆ, ಹದಿನೆಂಟನೆಯದಕ್ಕೆ ರಾಣಿಯನ್ನೇ ಕೊಟ್ಟು ಗೆಲ್ಲುತ್ತಾನೆ. ರಾಣಿಗೆ ಕಾಕಾ ವಜೀರ ಎನ್ನುತ್ತಿದ್ದರು.

ದಿನಾ ನನ್ನನ್ನು ಎದುರು ಕೂರಿಸಿಕೊಂಡು ಅದೇ ಆಟ ಆಡುವರು. ಬಿಳಿ ಯಾವಾಗಲೂ ಅವರದು, ಕರಿ ನನ್ನದು. ನಾನು ಬೇರೆ ಏನಾದರೂ ನಡೆಸಹೋದರೆ ಕೈ ಅಡ್ಡ ಹಿಡಿದು, "ಅಂವಾ ಏನ್ ನಡ್ಸಿದ್ದ? ಅದೇ ನಡ್ಸು" ಎನ್ನುವರು. ಅಂವಾ ಎಂದರೆ ಆ ಹಳೆಯ ಆಟದಲ್ಲಿ ಸೋತವನು. ಒಂದು ಕಣ್ಣು ಮುಚ್ಚಿ ಈ ಮಾತನ್ನು ಅಣಕಿಸಿ ನಾನು ಓಣಿಯನ್ನೆಲ್ಲ ನಗಿಸುತ್ತಿದ್ದೆ. ದಿನಾ ಅದೇ ಆಟ ಸೋಲುವವನು ನಾನೆಂದು ಮಾತ್ರ ಹೇಳುತ್ತಿರಲಿಲ್ಲ.

ಜನರೆದುರು ಒಮ್ಮೆ ಆ ವಜೀರ ಕೊಡಬೇಕು ಎನ್ನುವುದೇ ಕಾಕಾರ ಆಸೆ. ಭಾಲ್ಕಿಯ ಟೂರ್ನಮೆಂಟಿನಲ್ಲಿ ಚೀಟಿ ಎತ್ತಿದಾಗ ಅವರೆದುರು ನಾನೇ ಬಂದೆ, ಬಿಳಿಯೂ ಅವರಿಗೇ ಬಂತು. ಔರಾದಿನಿಂದ ಆಡಲು ಬಂದವರೂ ಸುತ್ತ ನೆರೆದರು. ಎಂಟು ನಡೆ ಪುಸ್ತಕದಂತೆಯೇ ಸಾಗಿತು. ಕಾಕಾ ಆಗಲೇ ವಜೀರನನ್ನು ಪ್ರೀತಿಯಿಂದ ನೋಡುತ್ತಿದ್ದರು. ನನಗೋ ಗೆಲ್ಲುವ ಹುಚ್ಚು ಹಿಡಿಯಿತು. ಒಂಬತ್ತನೆಯ ನಡೆಯನ್ನು ಸ್ವಂತ ಬುದ್ಧಿಯಿಂದ ನಡೆಸಿದೆ.

ಕಾಕಾ ಗಾಬರಿಯಾಗಿ ಅಂಪೈರನ್ನೇ ಕರೆದರು. "ಸಾಹೇಬ್ರ, ಅಂವಾ ಇದನ್ನ ನಡ್ಸಿಲ್ರಿ!"

ಮುಂದಿನ ಮೂರೇ ನಡೆಯಲ್ಲಿ ಅವರ ಕುದುರೆ ನನಗೆ ಚೆಕ್‌ಮೇಟ್ ಮಾಡಿತು. ಜನ ಚಪ್ಪಾಳೆ ತಟ್ಟಿದರು. ಗೆದ್ದ ಕಾಕಾ ಅಳುಮುಖದಲ್ಲಿ ಭೂತಗನ್ನಡಿ ತೆಗೆದರು.

"ವಜೀರ ಹಂಗೇ ಉಳೀತಲ್ಲೋ ತಮ್ಮಾ! ಅಂವಾ ನಿನಗಿಂತ ಎಷ್ಟ್ ಛಲೋ ಸೋತಿದ್ದ!"