ಮನೆಮಂದಿಗೆಲ್ಲ ಒಂದೇ ಬ್ಲೇಡು

ಜನ ರೇಜರ್ ಬದಲಾಯಿಸುವುದು ಗಡ್ಡಕ್ಕಾಗಿ ಎಂದು ತಿಳಿದವರು ನಮ್ಮ ಮನೆಯನ್ನು ನೋಡಿಲ್ಲ. ಎಪ್ಪತ್ತರ ದಶಕದಲ್ಲಿ ನನಗೆ ಬಬ್ಬೂರಿನ ಕೃಷಿ ಫಾರಂನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ವಾರಕ್ಕೊಮ್ಮೆ ಬೇವಿನ ಮರದಡಿ ಕ್ಷೌರಿಕನ ಮುಂದೆ ಕೂರುತ್ತಿದ್ದವನು, ಇನ್ನು ದಿನವೂ ನುಣ್ಣಗಿರಬೇಕೆಂದು ಹಿರಿಯೂರಿನಲ್ಲಿ ಸೇಫ್ಟಿ ರೇಜರ್ ಕೊಂಡೆ. ಹೊಸ ಬ್ಲೇಡು ನನ್ನ ಕೆನ್ನೆಗಿಂತ ಮೊದಲು ಅಪ್ಪನ ಅಂಗಾಲನ್ನು ಕಂಡಿತು. ಕುರಿಗಳ ಹಿಂದೆ ಸುತ್ತಿ ಸುತ್ತಿ ಎದ್ದಿದ್ದ ಆಣಿಯನ್ನು ಅಪ್ಪ ಅದರಲ್ಲೇ ಕೆತ್ತಿಕೊಂಡ. ಉಳಿದ ಹರಿತದಲ್ಲಿ ಅಕ್ಕ ರವಿಕೆಯ ಹೊಲಿಗೆ ಬಿಚ್ಚಿದಳು. ಎಲ್ಲಿ ಬಚ್ಚಿಟ್ಟರೂ ಹುಡುಕಿ ತೆಗೆಯುತ್ತಿದ್ದರು. ಈ ಬ್ಲೇಡಿನ ಸಹವಾಸವೇ ಬೇಡವೆಂದು ರೇಗಿ, ಚಿತ್ರದುರ್ಗದಿಂದ ಮಡಚುವ ಕ್ಷೌರದ ಕತ್ತಿ ತಂದೆ.

ಒಂದು ಬೆಳಿಗ್ಗೆ ಮುಖಕ್ಕೆಲ್ಲ ಸೋಪು ಬಳಿದುಕೊಂಡು ನೋಡಿದರೆ ಕತ್ತಿಯೇ ಇಲ್ಲ. ನೊರೆ ಮುಖದಲ್ಲೇ ಕುರಿ ರೊಪ್ಪಕ್ಕೆ ಓಡಿದೆ. ಅಪ್ಪ ಅದೇ ಕತ್ತಿಯಲ್ಲಿ ಒಂದು ಕುರಿಯ ಗೊರಸು ಕೆತ್ತುತ್ತಿದ್ದ.

“ಅಪ್ಪಾ, ಅದು ನನ್ನ ಗಡ್ಡದ ಕತ್ತಿ ಕಣಪ್ಪಾ!”

“ಲೇ, ಕುರಿ ಕುಂಟ್ತೈತೆ. ನಿನ್ನ ಗಡ್ಡ ಏನು ಕುಂಟ್ತೈತಾ?” ಎಂದ ಅಪ್ಪ, ತಲೆ ಕೂಡ ಎತ್ತದೆ.

ಆಫೀಸಿನ ಹೊತ್ತಾಗುತ್ತಿತ್ತು, ಕೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ಕುರಿ ಒದ್ದಾಡತೊಡಗಿತು. ನಾನು ಬಗ್ಗಿ ಅದರ ಕಾಲು ಹಿಡಿದುಕೊಂಡೆ.